ಪಾನಕದ ಕೇಕು

ನಮ್ಮ ಮನೆಯಲ್ಲಿ ಬ್ರೆಡ್ಡು ಔಷಧಿಯಾಗಿತ್ತು. ಯಾರಿಗಾದರೂ ಜ್ವರ ಬಂದು ಮೂರು ದಿನ ಬಿಡದಿದ್ದರೆ ಅಪ್ಪ ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ಒಂದು ಪೌಂಡು ಬ್ರೆಡ್ಡು ತರುತ್ತಿದ್ದ. ಅದು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಪಡಸಾಲೆಯ ಗೂಡಿನಲ್ಲಿ ಇಡಬೇಕು, ಜ್ವರದವರು ಅಲ್ಲೇ ಕೂತು ಹಾಲಿನಲ್ಲಿ ಅದ್ದಿ ತಿನ್ನಬೇಕು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಬೇಕರಿಯವನು ಯಾವ ಕೈಯಲ್ಲಿ ಮೊಟ್ಟೆ ಒಡೆದು ಯಾವ ಕೈಯಲ್ಲಿ ಹಿಟ್ಟು ನಾದಿರುತ್ತಾನೋ ಎಂಬುದು ಅಜ್ಜಿಯ ಅನುಮಾನ. ನನಗಂತೂ ಜ್ವರ ಬಂದರೆ ಖುಷಿ. ಬ್ರೆಡ್ಡಿನ ತುಂಡನ್ನು ಬೆಳಕಿಗೆ ಹಿಡಿದು ಅದರ ತೂತುಗಳನ್ನು ನೋಡುತ್ತಾ ಕೂರುತ್ತಿದ್ದೆ. ರೊಟ್ಟಿಯಲ್ಲಿ ಇಲ್ಲದ ತೂತು ಇದರಲ್ಲಿ ಎಲ್ಲಿಂದ ಬಂದವು ಅಂತ ಕೇಳಿದರೆ ಅವ್ವ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಏರಿದೆ ಅನ್ನುತ್ತಿದ್ದಳು.

ಮನೆ ಉದ್ದಕ್ಕಿತ್ತು. ಬೀದಿಗೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ, ಆಮೇಲೆ ನಡುಮನೆ, ಅದರ ಬಲಕ್ಕೆ ದೇವರ ಕೋಣೆ, ಕೊನೆಗೆ ಅಡುಗೆಮನೆ, ಅದರಾಚೆ ಹಿತ್ತಲು. ಹಿತ್ತಲಲ್ಲಿ ಒಂದು ಎಮ್ಮೆ, ಸ್ನಾನದ ನೀರು ಕಾಯಿಸುವ ಒಲೆ, ಬಾವಿಕಟ್ಟೆಯ ಪಕ್ಕ ಒಂದು ಲಿಂಬೆಗಿಡ. ಅಪ್ಪನ ಕಿರಾಣಿ ಅಂಗಡಿ ಪೇಟೆಯಲ್ಲಿತ್ತು. ಅಂಗಡಿಯಲ್ಲಿ ಹಿಡಿಸದ ಚೀಲಗಳು ನಡುಮನೆಯ ಮೂಲೆಗೆ ಬಂದು ಬೀಳುತ್ತಿದ್ದುದರಿಂದ ಮನೆಗೆ ಯಾವಾಗಲೂ ಧನಿಯ, ಬೆಲ್ಲ ಮತ್ತು ಸೆಣಬಿನ ವಾಸನೆ. ಆದರೆ ಮನೆ ನಡೆಯುತ್ತಿದ್ದುದು ಅಡುಗೆಮನೆಯಿಂದ, ಅಡುಗೆಮನೆ ನಡೆಯುತ್ತಿದ್ದುದು ಅಜ್ಜಿಯಿಂದ. ಅಪ್ಪನ ತಾಯಿ ಆಕೆ. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಹಣೆ ತುಂಬ ವಿಭೂತಿ ಧರಿಸಿ ಒಲೆಯ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಕೂಗಾಡುವ ಹೆಂಗಸಲ್ಲ. ಯಾವುದು ಸರಿ, ಯಾವುದು ತಪ್ಪು ಎಂಬುದು ಅವಳಿಗೆ ಎಷ್ಟು ಖಚಿತವಾಗಿ ಗೊತ್ತಿತ್ತೆಂದರೆ ಕೂಗುವ ಅಗತ್ಯವೇ ಬೀಳುತ್ತಿರಲಿಲ್ಲ.

ಅಜ್ಜಿಯ ಪಾನಕ ನಮ್ಮ ಬೀದಿಗೆಲ್ಲ ಗೊತ್ತು. ಬಸವ ಜಯಂತಿಯ ದಿನ ಮುಂದಿನ ಕಟ್ಟೆಯ ಮೇಲೆ ದೊಡ್ಡ ಕೊಳಗ ಇಟ್ಟು ಬಿಸಿಲಲ್ಲಿ ಹೋಗಿಬರುವವರಿಗೆಲ್ಲ ಕೊಡುತ್ತಿದ್ದೆವು. ಬೆಲ್ಲವನ್ನು ಮಣ್ಣಿನ ಹರವಿಯ ತಣ್ಣೀರಲ್ಲಿ ನೆನೆಹಾಕಿ, ಬಿಳೀ ಬಟ್ಟೆಯಲ್ಲಿ ಸೋಸಿ, ಕುಟ್ಟಿದ ಮೆಣಸು, ಶುಂಠಿ, ಏಲಕ್ಕಿ ಬೆರೆಸಿ, ಕೊನೆಗೆ ಲಿಂಬೆ ಹಿಂಡುವುದು. ಮಾಡುವಾಗ ಅಜ್ಜಿ ಒಂದು ತೊಟ್ಟನ್ನೂ ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ಕೊಳಗದ ಮೇಲೆ ಬಗ್ಗಿ ಮೂಗಿನಲ್ಲಿ ಒಮ್ಮೆ ಎಳೆದುಕೊಂಡು, ಇನ್ನೆರಡು ಲಿಂಬೆ ತಾ ಅನ್ನುತ್ತಿದ್ದಳು. ಅವಳ ಅಂದಾಜು ತಪ್ಪಿದ್ದನ್ನು ನಾನು ಕಂಡಿಲ್ಲ.

ಈ ಮನೆಗೆ ಮಂಗಳ ಚಿಕ್ಕಮ್ಮ ಬಂದಳು. ಅಪ್ಪನ ತಮ್ಮ ಸವಳಂಗದ ಶಾಲೆಯಲ್ಲಿ ಮೇಷ್ಟ್ರು, ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದವನು. ಅವನ ಹೆಂಡತಿ ದಾವಣಗೆರೆಯವಳು. ಅವಳ ಅಪ್ಪ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದುದರಿಂದ ಗಿರಣಿಯವರ ಸಾಲುಮನೆಗಳಲ್ಲಿ ಎಲ್ಲ ಜಾತಿಯವರ ನಡುವೆ ಬೆಳೆದಿದ್ದಳು. ನಾನಾಗ ಆರನೇ ಕ್ಲಾಸು. ಮಧ್ಯಾಹ್ನ ಊಟವಾದ ಮೇಲೆ ಅವಳ ಕೋಣೆಗೆ ಹೋಗಿ ಕೂತರೆ ಗಿರಣಿಯ ಸೈರನ್ನಿನ ಕಥೆ, ಶಿಫ್ಟು ಮುಗಿಸಿ ಬರುವವರ ತಲೆಯ ಮೇಲೆ ಕೂತ ಹತ್ತಿಯ ಕಥೆ, ನಲ್ಲಿಯ ಮುಂದೆ ನಡೆಯುತ್ತಿದ್ದ ಜಗಳಗಳ ಕಥೆ. ಒಂದು ದಿನ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ದುಂಡನೆಯ ಅಲ್ಯೂಮಿನಿಯಂ ಡಬ್ಬಿ ಕಂಡಿತು. ಮುಚ್ಚಳವಿಲ್ಲ, ಅಂಚಿನಲ್ಲಿ ಹೂವಿನ ಎಸಳಿನಂತೆ ಮಡಿಕೆ. ಇದರಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ. ಕೇಕು ಅಂದಳು. ಪಕ್ಕದ ಮನೆಯ ಫಿಲೋಮಿನಮ್ಮ ಎಂಬಾಕೆ ಪ್ರತಿ ಕ್ರಿಸ್‌ಮಸ್ಸಿಗೆ ಅದರಲ್ಲಿ ಕೇಕು ಮಾಡುತ್ತಿದ್ದಳಂತೆ. ಚಿಕ್ಕಮ್ಮ ಚಿಕ್ಕಂದಿನಿಂದ ಅವಳ ಜೊತೆ ಕೂತು ಹಿಟ್ಟು ಕಲಸಿ ಕಲಿತಿದ್ದಳು. ಮದುವೆಯಾಗಿ ಹೊರಡುವಾಗ ಆಕೆ ಡಬ್ಬಿಯನ್ನೇ ಕೈಗಿಟ್ಟಳಂತೆ.

ಕರಿಯದೆ, ಹಬೆಯಲ್ಲಿ ಬೇಯಿಸದೆ, ಕಾದ ಮರಳಿನ ನಡುವೆ ಇಟ್ಟು ಮಾಡುವ ಸಿಹಿ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ದೊಡ್ಡ ಪಾತ್ರೆಗೆ ಮರಳು ಹಾಕಿ, ಒಲೆಯ ಮೇಲಿಟ್ಟು, ಒಳಗೆ ಈ ಡಬ್ಬಿ ಕೂರಿಸಿ, ಮೇಲೆ ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಹರಡಿದರೆ ಹಿಟ್ಟು ಎರಡರಷ್ಟು ಉಬ್ಬುತ್ತದೆ ಅಂದಳು. ಯಾಕೆ ಉಬ್ಬುತ್ತದೆ ಅಂತ ಕೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, ಮೊಟ್ಟೆ ಒಡೆದು ನೊರೆ ಬರುವಂತೆ ಕಡೆದು ಹಾಕುತ್ತಾರೆ, ಅದಕ್ಕೆ ಅಂದಳು. ಯಾರಿಗೂ ಹೇಳಬೇಡ ಅಂದಳು. ನಾನು ತಲೆಯಾಡಿಸಿದೆ.

ಯಾರಿಗೂ ಹೇಳಬಾರದೆಂಬುದು ನನಗೆ ನೆನಪಿತ್ತು. ಆದರೆ ಹೇಳುವುದು ಬೇರೆ, ಕೇಳುವುದು ಬೇರೆ ಅಂದುಕೊಂಡಿದ್ದೆ. ಮೊಟ್ಟೆಗೂ ಉಬ್ಬುವುದಕ್ಕೂ ಏನು ಸಂಬಂಧ ಎಂಬುದು ತಲೆಯಲ್ಲಿ ಒಂದು ವಾರ ಸುತ್ತಿತು. ಆ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಜ್ಜಿಯ ರೊಟ್ಟಿ ಕೆಂಡದ ಮೇಲೆ ಬಲೂನಿನ ಹಾಗೆ ಉಬ್ಬಿ ನಿಂತದ್ದನ್ನು ನೋಡಿ ನನ್ನ ಬಾಯಿಂದ ಬಂದೇಬಿಟ್ಟಿತು.

"ಅಜ್ಜಿ, ಮೊಟ್ಟೆ ಇಲ್ದಂಗೆ ರೊಟ್ಟಿ ಉಬ್ಬತೈತಲ್ಲ, ಮತ್ತೆ ಕೇಕಿಗೆ ಮಾತ್ರ ಯಾಕೆ ಮೊಟ್ಟೆ ಬೇಕು?"

ಅಜ್ಜಿ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದಳು. ಕೇಕಿಗೆ ಮೊಟ್ಟೆ ಹಾಕುತ್ತಾರೆಂದು ನಿನಗೆ ಯಾರು ಹೇಳಿದರು ಅಂತ ಕೇಳಿದಳು. ನಾನು ಚಿಕ್ಕಮ್ಮನ ಕಡೆ ನೋಡಿದೆ. ನೋಡಬಾರದಿತ್ತು. ಅಜ್ಜಿ ಅವಳ ಕಡೆ ತಿರುಗಿ, ಮೊಟ್ಟೆ ಹಾಕಿದ್ದನ್ನು ನೀನು ತಿಂದಿದ್ದೀಯೇನು ಅಂದಳು. ಚಿಕ್ಕಮ್ಮ ಇಲ್ಲ ಅನ್ನಬಹುದಿತ್ತು. ಅವಳು ಅನ್ನುತ್ತಾಳೆಂದು ಅವ್ವ, ಅಪ್ಪ, ಚಿಕ್ಕಪ್ಪ ಎಲ್ಲರೂ ಕಾದಿದ್ದರೆಂದು ಈಗ ನನಗೆ ಅನ್ನಿಸುತ್ತದೆ.

"ತಿಂದೀನಿ ಅತ್ತೆ. ಮದುವೆಗೆ ಮುಂಚೆ, ಬಾಜು ಮನೇಲಿ. ಇಲ್ಲಿಗೆ ಬಂದ ಮ್ಯಾಲೆ ತಿಂದಿಲ್ಲ."

ಅಜ್ಜಿ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ತಟ್ಟಿ, ಬೇಯಿಸಿ, ಬುಟ್ಟಿಗೆ ಹಾಕಿ ಆಮೇಲೆ ಮಾತಾಡಿದಳು.

"ಇವತ್ತಿಂದ ಒಲೆ ಹತ್ರ ಬರಬ್ಯಾಡ. ಕುಡಿಯೋ ನೀರು ಮುಟ್ಟಬ್ಯಾಡ. ಉಳಿದದ್ದೆಲ್ಲ ನಿನ್ನ ಮನೇನೇ."

ಚಿಕ್ಕಪ್ಪ ತಲೆ ಎತ್ತದೆ ರೊಟ್ಟಿ ಮುರಿಯುತ್ತಲೇ ಇದ್ದ. ಅಪ್ಪ ಆ ದಿನ ಬೇಗ ಅಂಗಡಿಗೆ ಹೋದ. ಮರುದಿನದಿಂದ ಚಿಕ್ಕಮ್ಮನ ಕೆಲಸ ಹಿತ್ತಲಿಗೆ ಹೋಯಿತು. ಎಮ್ಮೆ ನೋಡುವುದು, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ನೀರೊಲೆಗೆ ಉರಿ ಹಾಕುವುದು. ಊಟಕ್ಕೆ ಎಲ್ಲರ ಜೊತೆಯೇ ಕೂರುತ್ತಿದ್ದಳು. ಅಜ್ಜಿ ಅವಳಿಗೆ ಕಡಿಮೆ ಬಡಿಸಲಿಲ್ಲ, ಕೆಟ್ಟ ಮಾತಾಡಲಿಲ್ಲ. ಆದರೆ ಬಾಯಾರಿದರೆ ಅವಳು ಹರವಿಯ ಹತ್ತಿರ ಹೋಗುವಂತಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಲ್ಲಬೇಕು, ಅವ್ವ ಬಗ್ಗಿಸಿ ಕೊಡಬೇಕು. ಒಳಗಿನ ಕೆಲಸವೆಲ್ಲ ಅವ್ವನೊಬ್ಬಳ ಮೇಲೆ ಬಿತ್ತು. ಅವಳು ಯಾರ ಪರವಾಗಿಯೂ ಮಾತಾಡದೆ ಸುಸ್ತಾಗುತ್ತಾ ಹೋದಳು.

ಚಿಕ್ಕಮ್ಮ ನನ್ನನ್ನು ಬೈಯಲಿಲ್ಲ. ಮಧ್ಯಾಹ್ನ ಅವಳ ಕೋಣೆಗೆ ಹೋದರೆ ಬಾ ಕೂತ್ಕೋ ಅನ್ನುತ್ತಿದ್ದಳು. ಜಡೆ ಹಾಕುತ್ತಿದ್ದಳು. ಆದರೆ ಏನೂ ಹೇಳುತ್ತಿರಲಿಲ್ಲ. ಸೈರನ್ನು, ಹತ್ತಿ, ನಲ್ಲಿಯ ಜಗಳ ಎಲ್ಲ ನಿಂತುಹೋದವು. ನಾನೇ ಏನಾದರೂ ಕೇಳಿದರೆ ನಂಗೊತ್ತಿಲ್ಲ ನಾಗು ಅನ್ನುತ್ತಿದ್ದಳು. ಗೊತ್ತಿರುವವಳು ಗೊತ್ತಿಲ್ಲ ಅನ್ನುವುದನ್ನು ಕೇಳುವುದಕ್ಕಿಂತ ಎರಡೇಟು ತಿನ್ನುವುದು ವಾಸಿ ಅನ್ನಿಸುತ್ತಿತ್ತು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು. ಹಬ್ಬದ ಹೋಳಿಗೆ ತಟ್ಟುವಾಗ ಚಿಕ್ಕಮ್ಮ ಹಿತ್ತಲಲ್ಲಿ ಒಳಕಲ್ಲಿನ ಮುಂದೆ ಕೂತು ಹೂರಣ ರುಬ್ಬಿ ಬಾಗಿಲ ತನಕ ತಂದಿಟ್ಟು ಹೋದಳು.

ಬಸವ ಜಯಂತಿಯ ದಿನ ಎಂದಿನಂತೆ ಕಟ್ಟೆಯ ಮೇಲೆ ಪಾನಕ ನಡೆಯಿತು. ಸಂಜೆ ಹೊತ್ತಿಗೆ ಬಂದ ನೆಂಟರಿಗೆ ಅವ್ವ ಮಂಡಕ್ಕಿ ಒಗ್ಗರಣೆ ಹಾಕಿ, ಮಿರ್ಚಿ ಕರಿಯಲು ಕಡಲೆಹಿಟ್ಟು ಕಲಸುತ್ತಿದ್ದಳು. ಹಿಟ್ಟಿಗೆ ಒಂದು ಚಿಟಿಕೆ ಸೋಡಾ ಹಾಕಿ, ಕೈಯಲ್ಲಿ ಉಳಿದ ಪುಡಿಯನ್ನು ಪಕ್ಕಕ್ಕೆ ಕೊಡವಿದಳು. ಪಕ್ಕದಲ್ಲಿ ನಾನು ಅರ್ಧ ಕುಡಿದಿಟ್ಟ ಪಾನಕದ ಲೋಟವಿತ್ತು. ಪುಡಿ ಅದರೊಳಗೆ ಬಿದ್ದದ್ದೇ ತಡ, ಪಾನಕ ಸುಯ್ಯೆಂದು ಉಕ್ಕಿ ಲೋಟದ ಅಂಚಿಗೆ ಬಂತು. ಉರಿಯಿಲ್ಲದೆ ಹಾಲು ಉಕ್ಕಿದ ಹಾಗೆ. ಅವ್ವ ನೋಡಲೇ ಇಲ್ಲ. ನಾನು ಲೋಟ ಎತ್ತಿಕೊಂಡು ಕಿವಿಗೆ ಹಿಡಿದೆ. ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಒಡೆಯುವ ಸದ್ದು ಕೇಳುತ್ತಿತ್ತು. ಬ್ರೆಡ್ಡಿನ ತೂತುಗಳು ಇವೇ ಇರಬಹುದು ಎಂದು ಆ ಕ್ಷಣಕ್ಕೆ ಹೇಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಗುಳ್ಳೆ ಒಡೆದುಹೋಗುವ ಮೊದಲು ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾದರೆ ಉಳಿಯುವುದು ತೂತು.

ಮರುದಿನ ಹಿತ್ತಲಲ್ಲಿ ಮೂರು ಲೋಟ ಇಟ್ಟುಕೊಂಡು ಕೂತೆ. ಒಂದರಲ್ಲಿ ಬರೀ ನೀರು, ಒಂದರಲ್ಲಿ ಬೆಲ್ಲದ ನೀರು, ಒಂದರಲ್ಲಿ ಲಿಂಬೆ ಹಿಂಡಿದ ಬೆಲ್ಲದ ನೀರು. ಮೂರಕ್ಕೂ ಸೋಡಾ ಹಾಕಿದೆ. ಬರೀ ನೀರು ಸುಮ್ಮನಿತ್ತು, ಬೆಲ್ಲದ ನೀರು ಒಂಚೂರು ಗುಳ್ಳೆ ಎಬ್ಬಿಸಿತು, ಲಿಂಬೆಯದು ಉಕ್ಕಿ ಚೆಲ್ಲಿತು. ಎಮ್ಮೆಗೆ ಮೇವು ಹಾಕುತ್ತಿದ್ದ ಚಿಕ್ಕಮ್ಮ ಯಾವಾಗ ಹಿಂದೆ ಬಂದು ನಿಂತಿದ್ದಳೋ ತಿಳಿಯಲಿಲ್ಲ.

"ಇನ್ನೊಂದ್ಸಲ ಮಾಡು, ನೋಡಾಣ" ಅಂದಳು.

ಆರೇಳು ತಿಂಗಳಲ್ಲಿ ಅವಳಾಗಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಮತ್ತೆ ಮಾಡಿ ತೋರಿಸಿದೆ. ಅವಳು ಕುಕ್ಕರಗಾಲಲ್ಲಿ ಕೂತು, ನೊರೆಯನ್ನು ಬೆರಳಲ್ಲಿ ಮುಟ್ಟಿ, ಮೊಟ್ಟೆ ಕಡೆದಾಗಲೂ ಹಿಂಗೇ ಗುಳ್ಳೆ ಏಳುತ್ತವೆ, ಆದರೆ ಅವು ಗಟ್ಟಿ ಇರುತ್ತವೆ, ಇವು ನಿಲ್ಲುವುದಿಲ್ಲ ಅಂದಳು. ಅವು ಒಡೆಯುವಷ್ಟರಲ್ಲಿ ಬೇಯಿಸಿದರೆ ಅಂತ ನಾನು ಕೇಳಿದೆ. ಅವಳು ಎದ್ದು ಹೋಗಿ ಟ್ರಂಕು ತೆರೆದು ಆ ಡಬ್ಬಿಯನ್ನು ತಂದಳು.

ಹಿತ್ತಲಿನ ನೀರೊಲೆ ಅಜ್ಜಿಯ ಒಲೆಯಲ್ಲ, ಅದಕ್ಕೆ ನಿಷೇಧವಿರಲಿಲ್ಲ. ನಾನು ಹೊಳೆಯಿಂದ ಬುಟ್ಟಿಯಲ್ಲಿ ಮರಳು ತಂದು ಮೂರು ಸಲ ತೊಳೆದು ಒಣಗಿಸಿದೆ. ಮೈದಾ ಹಿಟ್ಟು ನಡುಮನೆಯ ಚೀಲದಲ್ಲಿತ್ತು, ಲಿಂಬೆ ಗಿಡದಲ್ಲಿತ್ತು, ಬೆಣ್ಣೆಯನ್ನು ಅವ್ವ ಏನೂ ಕೇಳದೆ ಒಂದು ಬಟ್ಟಲಲ್ಲಿ ತಂದು ಬಾವಿಕಟ್ಟೆಯ ಮೇಲಿಟ್ಟು ಹೋದಳು. ನೀರಿನ ಬದಲು ಅಜ್ಜಿ ಮಾಡುವ ಕ್ರಮದಲ್ಲೇ ಪಾನಕ ಮಾಡಿಕೊಂಡು, ಅದರಲ್ಲಿ ಹಿಟ್ಟು ಕಲಸಿದೆವು. ಮೊದಲನೆಯದು ಮುದ್ದೆಯೂ ಅಲ್ಲದ, ರೊಟ್ಟಿಯೂ ಅಲ್ಲದ ಒಂದು ಬಿಲ್ಲೆಯಾಯಿತು. ಸೋಡಾ ಹಾಕಿದ ಮೇಲೆ ಮರಳು ಕಾಯಲೆಂದು ಕಾದಿದ್ದೆವು, ಅಷ್ಟರಲ್ಲಿ ಗುಳ್ಳೆಗಳೆಲ್ಲ ಸತ್ತುಹೋಗಿದ್ದವು. ಅದನ್ನು ಎಮ್ಮೆ ತಿಂದಿತು. ಎರಡನೆಯ ಸಲ ಇಬ್ಬರಿಗೂ ಆಸೆ ಹೆಚ್ಚಾಗಿ ಸೋಡಾ ಜಾಸ್ತಿ ಸುರಿದೆವು. ಉಬ್ಬಿತೇನೋ ನಿಜ, ಆದರೆ ನಡುವೆ ಕುಸಿದು ಬಟ್ಟಲಿನಂತಾಯಿತು, ಬಾಯಿಗಿಟ್ಟರೆ ಸಾಬೂನು. ಅದನ್ನು ಎಮ್ಮೆಯೂ ಮೂಸಿ ಬಿಟ್ಟಿತು.

ಎರಡನೆಯದು ಬೇಯುತ್ತಿದ್ದಾಗ ನಾನು ಚಿಕ್ಕಮ್ಮನಿಗೆ ತಪ್ಪಾಯಿತು ಅಂದೆ. ಅಷ್ಟು ತಿಂಗಳಿಂದ ಹೇಳಬೇಕೆಂದಿದ್ದುದು ಮರಳಿನ ಪಾತ್ರೆಯನ್ನು ನೋಡುತ್ತಾ ಹೇಳಿದ್ದರಿಂದ ಸಲೀಸಾಗಿ ಬಂತು. ಅವಳು ಕೆಂಡ ಕೆದಕುತ್ತಲೇ ಹೇಳಿದಳು.

"ನೀನು ಚಾಡಿ ಹೇಳಿದ್ದಲ್ಲ ನಾಗು, ಕೇಳಿದ್ದು. ಕೇಳೋದು ಬಿಡಬ್ಯಾಡ. ಆದ್ರೆ ಕೇಳಾಕೆ ಮುಂಚೆ, ಯಾರ ಮುಂದೆ ಕೇಳ್ತಾ ಇದೀನಿ ಅಂತ ಒಂದ್ಸಲ ಸುತ್ತ ನೋಡು."

ಕ್ಷಮಿಸಿದೆ ಅಂತ ಅವಳು ಅನ್ನಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಆಮೇಲೆ ಮೂವತ್ತು ವರ್ಷ ನ್ಯಾಮತಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಪ್ರಶ್ನೆ ಕೇಳಿದ ಮಗುವಿಗೆ ಉತ್ತರ ಕೊಡುವ ಮೊದಲು, ಆ ಪ್ರಶ್ನೆಯಿಂದ ತರಗತಿಯಲ್ಲಿ ಯಾರ ಮುಖ ಸಣ್ಣದಾಯಿತು ಅಂತ ನೋಡುವ ಅಭ್ಯಾಸ ನನಗೆ ಅಂಟಿದ್ದು ಆ ನೀರೊಲೆಯ ಮುಂದೆ.

ಮೂರನೆಯ ಸಲ ಮರಳನ್ನು ಮೊದಲೇ ಚೆನ್ನಾಗಿ ಕಾಯಿಸಿಟ್ಟುಕೊಂಡೆವು. ಸೋಡಾ ಅರ್ಧ ಚಮಚೆ ಮಾತ್ರ. ಲಿಂಬೆರಸ ಕಟ್ಟಕಡೆಗೆ ಹಿಂಡಿ, ಎರಡು ಸುತ್ತು ತಿರುವಿ, ಓಡಿಹೋಗಿ ಡಬ್ಬಿಯನ್ನು ಒಳಗಿಟ್ಟು ಮುಚ್ಚಿದೆವು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಹಿತ್ತಲೆಲ್ಲ ಬೆಣ್ಣೆ, ಬೆಲ್ಲ, ಶುಂಠಿ, ಮೆಣಸಿನ ವಾಸನೆ ಹರಡಿತು. ಮುಚ್ಚಳ ತೆಗೆದು ಚಿಕ್ಕಮ್ಮ ಪೊರಕೆಕಡ್ಡಿ ತೊಳೆದು ಚುಚ್ಚಿ ನೋಡಿದಳು. ಕಡ್ಡಿಗೆ ಹಿಟ್ಟು ಅಂಟಲಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಡಬ್ಬಿಯ ಅಂಚಿಗೆ ಸಮನಾಗಿ ನಿಂತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ಬಂದು ನಿಂತಿದ್ದಳು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನನ್ನ ಪಾನಕದ ವಾಸನೆ ಬೆಂಕಿ ಮ್ಯಾಲೆ ಯಾಕೆ ಬರ್ತೈತೆ?" ಅಂದಳು ಅಜ್ಜಿ.

ಚಿಕ್ಕಮ್ಮ ಒಂದೊಂದಾಗಿ ಹೇಳಿದಳು. ಮೈದಾ, ಬೆಣ್ಣೆ, ಬೆಲ್ಲ, ಮೆಣಸು, ಶುಂಠಿ, ಏಲಕ್ಕಿ, ಲಿಂಬೆ, ಸೋಡಾ. ಬೇರೇನೂ ಇಲ್ಲವೇ ಅಂತ ಅಜ್ಜಿ ಕೇಳಿದಳು. ಇಲ್ಲ ಅಂದಳು. ಅಜ್ಜಿ ನನ್ನ ಕಡೆ ನೋಡಿದಳು. ನಾನು ಉಬ್ಬಿದ್ದು ಹೇಗೆಂದು ಮೂರು ಲೋಟದ ಕಥೆಯನ್ನೆಲ್ಲ ಹೇಳಿದೆ. ಅಜ್ಜಿ ಹತ್ತಿರ ಬಂದಳು, ಸೊಂಟದ ಮೇಲೆ ಕೈಯಿಟ್ಟು ಬಗ್ಗಿದಳು, ಕೊಳಗದ ಮೇಲೆ ಬಗ್ಗುವ ಹಾಗೆಯೇ ಮೂಗಿನಲ್ಲಿ ಎಳೆದುಕೊಂಡಳು. ಏಲಕ್ಕಿ ಹಾರಿಹೋಗಿದೆ ಅಂದಳು. ಉರಿಗೆ ಏಲಕ್ಕಿಯೂ ನಿಲ್ಲುವುದಿಲ್ಲ, ಲಿಂಬೆಯ ಘಮವೂ ನಿಲ್ಲುವುದಿಲ್ಲ, ಇಳಿಸಿದ ಮೇಲೆ ದಪ್ಪನೆಯ ಪಾನಕ ಮಾಡಿ ಬಿಸಿ ಇರುವಾಗಲೇ ಮೇಲೆ ಹೊಯ್ಯಬೇಕು, ಆಗ ಅದು ಪಾನಕ, ಈಗ ಇದು ಬರೀ ಹಿಟ್ಟು. ಇಷ್ಟು ಹೇಳುತ್ತಿದ್ದವಳ ಕಣ್ಣು ಡಬ್ಬಿಯ ಮಡಿಕೆಯ ಅಂಚಿನ ಮೇಲೆ ನಿಂತಿತು.

ಇದು ನಮ್ಮ ಮನೆಯದಲ್ಲ, ಆ ಮೊಟ್ಟೆ ಕೇಕು ಮಾಡುತ್ತಿದ್ದವರ ಡಬ್ಬಿಯೇ ಅಂತ ಕೇಳಿದಳು. ಹೌದು ಅಂದಳು ಚಿಕ್ಕಮ್ಮ. ಅಜ್ಜಿ ನೆಟ್ಟಗೆ ನಿಂತಳು. ಇದನ್ನು ಬಿಸಾಕಿ ಬೇರೆಯದರಲ್ಲಿ ಮಾಡಿದರೆ ನಾನೂ ತಿಂದೇನು, ಎಲ್ಲ ಇಲ್ಲಿಗೇ ಮುಗಿಯಿತು ಅಂತ ಅಂದುಕೊಳ್ಳೋಣ ಅಂದಳು. ಅಜ್ಜಿ ಅಷ್ಟು ಮೆತ್ತಗೆ ಮಾತಾಡಿದ್ದು ಅಪರೂಪ. ಬಾಗಿಲ ಹಿಂದೆ ಅವ್ವ ಬಂದು ನಿಂತಿದ್ದಳು. ನನಗೋ, ಡಬ್ಬಿ ಬಿಸಾಕಿದರೆ ಮುಗಿಯಿತಲ್ಲ, ಹೂಂ ಅಂದುಬಿಡು ಎಂದು ಕೂಗಬೇಕೆನಿಸುತ್ತಿತ್ತು. ಚಿಕ್ಕಮ್ಮನ ಕಣ್ಣು ತುಂಬಿದ್ದವು, ದನಿ ಮಾತ್ರ ಅಲುಗಲಿಲ್ಲ.

"ಬೇರೆ ಪಾತ್ರೇಲಿ ಮಾಡ್ತೀನಿ ಅತ್ತೆ. ನಿಮಗೆ ಮೊಟ್ಟೆ ಸೋಂಕಬಾರ್ದು, ಅದು ಸರಿ. ಆದ್ರೆ ಇದನ್ನ ಬಿಸಾಕಲ್ಲ. ನಂಗೆ ಪ್ರೀತಿಯಿಂದ ಕೊಟ್ಟೋರು ಅವ್ರು. ನಾನು ತಪ್ಪು ಮಾಡೀನಿ ಅಂತ ಅನ್ಕಂಡು ಬಿಸಾಕಾಕೆ ನಂಗೆ ಆಗಲ್ಲ."

ಅಜ್ಜಿ ತಿರುಗಿ ಒಳಗೆ ಹೋದಳು. ಚಿಕ್ಕಮ್ಮ ಒಲೆಯ ಮುಂದೆ ಕುಸಿದು ಕೂತಳು. ಇಷ್ಟೆಲ್ಲ ಮಾಡಿ ಮತ್ತೆ ಕೆಡಿಸಿದೆವಲ್ಲ ಅಂತ ನನಗೆ ಅಳು ಬಂತು. ಒಳಗೆ ಪಾತ್ರೆಗಳ ಸದ್ದಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಮತ್ತೆ ಬಾಗಿಲಿಗೆ ಬಂದಳು. ಕೈಯಲ್ಲಿ ಅಗಲ ಬಾಯಿಯ ಸ್ಟೀಲಿನ ಬೋಗುಣಿ. ಅವಳು ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದ ಬೋಗುಣಿ ಅದು.

"ಇದ್ರಾಗೆ ಮಾಡು. ಒಳಗಿನ ಒಲೆ ಮ್ಯಾಲೆ ಇಡು, ಹೊರಗೆ ಗಾಳಿಗೆ ಉರಿ ನಿಲ್ಲಂಗಿಲ್ಲ" ಅಂದಳು.

ಡಬ್ಬಿಯ ಮಾತು ಎತ್ತಲಿಲ್ಲ. ಅದು ಟ್ರಂಕಿಗೆ ವಾಪಸು ಹೋಯಿತು. ಚಿಕ್ಕಮ್ಮ ಕೈಕಾಲು ತೊಳೆದು ಹೊಸ್ತಿಲ ಮೇಲೆ ಒಂದು ಕ್ಷಣ ತಡೆದು ನಿಂತಳು. ಅವ್ವ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ಬೋಗುಣಿಗೆ ಬೆಣ್ಣೆ ಸವರಿ, ಹೊಸದಾಗಿ ಹಿಟ್ಟು ಕಲಸಿ ಇಟ್ಟೆವು. ಅಜ್ಜಿ ಗೋಡೆಗೆ ಒರಗಿ ಕೂತು ಏಲಕ್ಕಿ ಕುಟ್ಟಿದಳು, ಎರಡರಷ್ಟು ಬೆಲ್ಲ ಹಾಕಿ ದಪ್ಪ ಪಾನಕ ಮಾಡಿದಳು. ಕೇಕು ತಟ್ಟೆಗೆ ಬಿದ್ದಾಗ ನಾನು ಕಡ್ಡಿಯಲ್ಲಿ ಅದರ ಮೈತುಂಬ ಚುಚ್ಚಿದೆ, ಅಜ್ಜಿ ಸೌಟಿನಿಂದ ಸ್ವಲ್ಪ ಸ್ವಲ್ಪವೇ ಹೊಯ್ದಳು. ಒಂದೊಂದು ಸೌಟು ಹೊಯ್ದಾಗಲೂ ಅದು ಒಳಗೆ ಇಂಗುವುದನ್ನು ನಾವು ನಾಲ್ವರೂ ತಲೆ ಬಗ್ಗಿಸಿ ನೋಡಿದೆವು. ಸಂಜೆ ಚಿಕ್ಕಪ್ಪ ಬಸ್ಸಿಳಿದು ಬಂದಾಗ ಅವನ ಹೆಂಡತಿ ಅಡುಗೆಮನೆಯಿಂದ ತಟ್ಟೆ ಹಿಡಿದು ಹೊರಗೆ ಬಂದದ್ದನ್ನು ನೋಡಿ ಚಪ್ಪಲಿ ಬಿಚ್ಚುವುದನ್ನೇ ಮರೆತು ನಿಂತ. ತಿಂದರೆ ಮೊದಲು ಬೆಣ್ಣೆ ಬೆಲ್ಲ, ಆಮೇಲೆ ಲಿಂಬೆ, ನುಂಗಿದ ಮೇಲೆ ಗಂಟಲಲ್ಲಿ ಮೆಣಸಿನ ಖಾರ. ಅಜ್ಜಿ ಒಂದು ಚೂರು ಬಾಯಿಗಿಟ್ಟು ನಿಧಾನಕ್ಕೆ ತಿಂದು, ಮೆಣಸು ಇನ್ನೊಂಚೂರು ಕಮ್ಮಿ ಆಗಬೇಕಿತ್ತು ಅಂದಳು. ಆಮೇಲೆ ಇನ್ನೊಂದು ಚೂರು ತೆಗೆದುಕೊಂಡಳು.

ಮುಂದೆ ಆ ಮನೆಯಲ್ಲಿ ಜಗಳಗಳು ಆಗದೇ ಇರಲಿಲ್ಲ. ಅತ್ತೆ ಸೊಸೆ ಅನೇಕ ಸಲ ಮಾತು ಬಿಟ್ಟರು, ಮತ್ತೆ ಆಡಿದರು. ಆದರೆ ಒಲೆಯ ಮುಂದಿನಿಂದ ಚಿಕ್ಕಮ್ಮನನ್ನು ಯಾರೂ ಎಬ್ಬಿಸಲಿಲ್ಲ. ಆ ವರ್ಷದ ಮಳೆಗಾಲ ಶುರುವಾಗುವ ಮೊದಲು ಒಂದು ಮಧ್ಯಾಹ್ನ ನಾನು ನಡುಮನೆಯಲ್ಲಿ ಚೀಲಗಳಿಗೆ ಒರಗಿ ಓದುತ್ತಾ ಕೂತಿದ್ದೆ. ಅವ್ವ ಮಲಗಿದ್ದಳು. ಅಡುಗೆಮನೆಯಲ್ಲಿ ಅಜ್ಜಿ ಮತ್ತು ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದರು. ಬಹಳ ಹೊತ್ತು ಮೊರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಮೊರ ನಿಂತಿತು. ಅಜ್ಜಿ ದನಿ ತಗ್ಗಿಸಿ ಕೇಳಿದಳು.

"ಅಲ್ಲ ಮಂಗಳಾ, ಅದು ಹೆಂಗಿರ್ತೈತೆ?"

"ಯಾವುದು ಅತ್ತೆ?"

"ಅದೇ. ಮೊಟ್ಟೆ. ರುಚಿ."

ಚಿಕ್ಕಮ್ಮ ಯೋಚಿಸಿದಳು. ಸುಳ್ಳು ಹೇಳದವಳು ಸರಿಯಾದ ಉತ್ತರ ಹುಡುಕುತ್ತಿದ್ದಳು.

"ಅದಕ್ಕೆ ಅದರದ್ದೇ ಅಂತ ಹೆಚ್ಚೇನೂ ರುಚಿ ಇಲ್ಲ ಅತ್ತೆ. ಜೊತೆಗೆ ಏನು ಹಾಕ್ತಾರೋ ಅದರದ್ದೇ."

"ಅಷ್ಟೇನಾ?" ಅಂದಳು ಅಜ್ಜಿ. ಅವಳ ದನಿಯಲ್ಲಿ ಸಣ್ಣ ನಿರಾಸೆಯಿತ್ತು. ಸ್ವಲ್ಪ ಹೊತ್ತಿಗೆ ಮೊರದ ಸದ್ದು ಮತ್ತೆ ಶುರುವಾಯಿತು.